ಗುಳ್ಳೆ ನಿಂತ ಬೆಸುಗೆ

ಮೀನು ಸಾಕುವ ಗಂಡಸರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೂಲೆಯ ಅಂಗಡಿಯಿಂದ ಕೊತ್ತಂಬರಿ ತನ್ನಿ ಅಂದರೆ ಮೊಣಕಾಲು ನೋವು ಅನ್ನುವವರು, ಮೀನಿಗೆ ಉಪ್ಪುನೀರು ಕಲಸಬೇಕು ಅಂದರೆ ಬಕೆಟ್ ಹೊತ್ತುಕೊಂಡು ಓಡಾಡುತ್ತಾರೆ. ನನ್ನ ಗಂಡನೂ ಹಾಗೆಯೇ. ಆದರೂ ಆ ಓಡಾಟ ನನಗೆ ಬೇಕಾಗಿತ್ತು. ನಿವೃತ್ತಿಯಾದ ಮೇಲೆ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಅದೊಂದೇ.

ಅವರು ನಾಶಿಕದ ಹತ್ತಿರ ಓಝರ್‌ನ ಕಾರ್ಖಾನೆಯಲ್ಲಿ ವಿಮಾನ ನಡೆಸುವವರ ತಲೆಯ ಮೇಲೆ ಬರುವ ಪಾರದರ್ಶಕ ಮುಚ್ಚಳ ಜೋಡಿಸುತ್ತಿದ್ದವರು. ಗಾಜಿನಂತೆ ಕಾಣುವ ಅಕ್ರಿಲಿಕ್ ಪ್ಲಾಸ್ಟಿಕ್ ಅಂದರೆ ಅವರಿಗೆ ನನಗೆ ಜೋಳದ ಹಿಟ್ಟು ಇದ್ದ ಹಾಗೆ, ಮುಟ್ಟಿದರೆ ಸಾಕು, ಗೊತ್ತಾಗುತ್ತಿತ್ತು. ಆಮೇಲೆ ಬಲಗೈ ನಡುಗತೊಡಗಿತು. ನಾಶಿಕದ ಡಾಕ್ಟರು, ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲಾಗದು ಅಂದರು. ಇವರು ತಾವಾಗಿಯೇ ಜೋಡಣೆಯ ಕೆಲಸ ಬಿಟ್ಟು ಮೇಜಿನ ಕೆಲಸ ಕೇಳಿಕೊಂಡರು.

ಪಡಸಾಲೆಯಲ್ಲಿ ಅವರದೊಂದು ಉಪ್ಪುನೀರಿನ ತೊಟ್ಟಿ. ಅದರಲ್ಲಿ ಜೀವಂತ ಹವಳ, ಎರಡು ಕಿತ್ತಳೆ ಬಣ್ಣದ ಮೀನು. ಹವಳಗಳು ಬಿಳಿಚಿಕೊಳ್ಳತೊಡಗಿದಾಗ ಸಂಪ್ ಬೇಕು ಅಂದರು. ಸಂಪ್ ಅಂದರೆ ಮನೆಮುಂದೆ ನೆಲದೊಳಗೆ ಕಟ್ಟುವ ನೀರಿನ ತೊಟ್ಟಿಯಲ್ಲ. ಮೀನಿನ ತೊಟ್ಟಿಯ ಕೆಳಗೆ ಕಪಾಟಿನಲ್ಲಿ ಇಡುವ ಇನ್ನೊಂದು ತೊಟ್ಟಿ. ಮೇಲಿನ ನೀರು ಅಲ್ಲಿಗೆ ಇಳಿದು, ಅಡ್ಡಹಲಗೆಗಳನ್ನು ದಾಟುತ್ತ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ.

ಮಗಳು ಛತ್ರಪತಿ ಸಂಭಾಜಿನಗರದಲ್ಲಿದ್ದಾಳೆ, ವಾಳೂಜ್‌ನ ಒಂದು ಕಂಪನಿಯಲ್ಲಿ ಕೆಲಸ. ಅವಳ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಹಿಂದಿನವರು ಬಿಟ್ಟುಹೋದ ಹಳೆಯ ಅಕ್ರಿಲಿಕ್ ತೊಟ್ಟಿ ಬಿದ್ದಿತ್ತು. ಗೀಚು ಬಿದ್ದು ಮಬ್ಬಾಗಿತ್ತು, ಒಂದು ಬದಿ ಸೀಳಿತ್ತು. ಅದನ್ನು ತರಲು ಇವರು ಬೆಳಿಗ್ಗೆಯೇ ಬಸ್ ಹತ್ತಿ ಹೋದರು. ಬರುವಾಗ ಅದನ್ನು ಟೆಂಪೋದಲ್ಲಿ ಹಾಕಿಸಿ, ತಾವೂ ಡ್ರೈವರನ ಪಕ್ಕ ಕೂತು ಬಂದರು.

ಮಗಳು ಫೋನಿನಲ್ಲಿ ಬೈದಳು. ಅವಳ ಕನ್ನಡ ಅರ್ಧ ಮರಾಠಿ. "ಪಪ್ಪಾ, ಅಂಗಡ್ಯಾಗ ಗ್ಲಾಸ್‌ದು ರೆಡಿಮೇಡ್ ಮಿಳತೇ ನಾ. ಉಗಾಚ್, ಸುಮ್‌ಸುಮ್ನ ಯಾಕ ತ್ರಾಸ್ ತಗೋತೀರಿ?"

"ರೆಡಿಮೇಡ್ ತಂದ್ರ ಅದ್ರಾಗ ನಂದೇನದ?" ಅಂದರು ಇವರು.

ಇದು ಹವಳದ ವಿಷಯವಲ್ಲ, ಕೈಯ ವಿಷಯ ಅಂತ ಆಗ ತಿಳಿಯಿತು. ಈ ಕೆಲಸ ಕೆಡದಿರಲಿ ಅಂತ ದಿನಾ ಲಿಂಗಪೂಜೆಯ ಹೊತ್ತಿಗೆ ಬೇಡಿಕೊಂಡೆ.

ಗೀಚುಗಳನ್ನು ನೀರು ಹಚ್ಚಿದ ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ ತೆಗೆದರು. ತಿಕ್ಕುವ ಕೆಲಸಕ್ಕೆ ನಡುಗುವ ಕೈ ಅಡ್ಡಿಯಾಗಲಿಲ್ಲ. ಅಡ್ಡಹಲಗೆಗಳೂ ಕೂತವು. ಸೀಳಿದ ಬದಿಗೆ ಹೊಸ ಹಾಳೆ ಕೂಡಿಸುವುದು ಮಾತ್ರ ಉಳಿಯಿತು. ಎರಡು ಹಾಳೆಗಳ ನಡುವಿನ ಸಂದಿಗೆ ಇಂಜೆಕ್ಷನ್ ಸೂಜಿಯಿಂದ ಅಕ್ರಿಲಿಕ್ ಕರಗಿಸುವ ದ್ರಾವಕ ಬಿಡಬೇಕು, ಅದು ತಾನಾಗಿ ಒಳಗೆ ಹರಿದು ಎರಡನ್ನೂ ಬೆಸೆಯುತ್ತದೆ. ಕೈ ನಡುವೆ ನಿಲ್ಲುವ ಹಾಗಿಲ್ಲ, ಜಿಗಿಯುವ ಹಾಗಿಲ್ಲ. ನಾನು ಹಿಡಿಯಲೇನ್ರಿ ಅಂದೆ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ದ್ರಾವಕವನ್ನು ತಾವೇ ಬಿಟ್ಟರು. ಕೆಳಗಿನ ಭಾಗ ಕನ್ನಡಿಯಂತೆ ಬಂತು. ಮೇಲಿನ ಕಡೆ ಬರುವಷ್ಟರಲ್ಲಿ ಕೈ ಸೋತಿತ್ತು. ಅಲ್ಲಿ ಸಾಲಾಗಿ ಬಿಳಿ ಗುಳ್ಳೆಗಳು ನಿಂತವು. ಗುಳ್ಳೆ ನಿಂತಲ್ಲಿ ಬೆಸುಗೆ ಹಿಡಿದಿಲ್ಲ ಅಂತ ಅರ್ಥ.

ಕಾರ್ಖಾನೆಯಲ್ಲಿ ಗುಳ್ಳೆ ಬಂದ ತುಂಡನ್ನು ಅಲ್ಲೇ ಒಡೆದು ಹಾಕುತ್ತಿದ್ದರಂತೆ, ಯಾರೂ ಮರಳಿ ತಂದು ಕೂಡಿಸದಿರಲಿ ಅಂತ. ಮೊದಲು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಗುಳ್ಳೆಗಳ ಮೇಲೆ ಬೆರಳಾಡಿಸಿದರು, ಒಡೆಯಲಿಲ್ಲ. ನಮ್ಮ ಬಾಲ್ಕನಿಯಲ್ಲಿ ನೀರು ತುಂಬಿ ಪರೀಕ್ಷೆ ಮಾಡಿದಾಗ ಗುಳ್ಳೆಗಳ ಕೆಳಗಿನವರೆಗೆ ಮಾತ್ರ ತುಂಬಿದರು. ಪೂರ್ತಿ ತುಂಬಿ ನೋಡ್ರಿ ಅಂದೆ. ಸಾಕು, ಪಂಪ್ ನಡೀವಾಗ ಇಷ್ಟೇ ಇರ್ತದ ಅಂದರು. ಪಂಪು ನಿಂತರೆ ಮೇಲಿನ ನೀರು ಒಂದಿಷ್ಟು ಕೆಳಗಿಳಿದು ಸಂಪಿನ ಮಟ್ಟ ಏರುತ್ತದೆ. ಅದಕ್ಕೇ ಪಂಪನ್ನು ಇನ್ವರ್ಟರಿಗೆ ಹಾಕಿದರು. ಕರೆಂಟ್ ಹೋದರೂ ಅದು ನಿಲ್ಲಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಹವಳಗಳಿಗೆ ಬಣ್ಣ ಬಂತು. ಇವರು ಮೊದಲಿನಂತೆ ನಾನು ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ, ಖಾರ ಹೆಚ್ಚು ಅಂತ ಹೆಸರಿಡತೊಡಗಿದರು. ನನಗೆ ಅಷ್ಟೇ ಸಾಕಾಗಿತ್ತು.

ಖಂಡೇ ನವಮಿ, ಅಂದರೆ ಆಯುಧಪೂಜೆ, ಬಂತು. ನಮ್ಮ ಮನೆಯಲ್ಲಿ ಆ ದಿನ ಕಾರ್ಖಾನೆಯದೇ ಪದ್ಧತಿ. ಉಪಕರಣಗಳನ್ನೆಲ್ಲ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿದ ಮೇಲೆ ಮರುದಿನದವರೆಗೆ ಯಾವ ಯಂತ್ರವೂ ನಡೆಯಬಾರದು. ಸ್ಕೂಟರಿಗೆ ರಜೆ, ಮಿಕ್ಸರಿಗೆ ರಜೆ. ಫ್ರಿಜ್ಜಿಗೆ ಮಾತ್ರ ರಜೆ ಇಲ್ಲ, ಅದು ನನ್ನ ಇಲಾಖೆ. ಆ ಸಲ ಇವರು ಪಂಪಿನ ಸ್ವಿಚ್ಚಿನ ಮೇಲೆ ಕೈಯಿಟ್ಟರು. ಮೇಲಿನ ತೊಟ್ಟಿಗೆ ಗಾಳಿ ಬಿಡಲು ಬ್ಯಾಟರಿಯದೊಂದು ಸಣ್ಣ ಸಾಧನ ಆಗಲೇ ತಂದಿಟ್ಟಿದ್ದರು.

"ಇದೊಂದು ಬಿಡ್ರಿ," ಅಂದೆ. "ದೇವರೇನೂ ಸಿಟ್ಟಾಗಂಗಿಲ್ಲ."

"ಕೈ ನಡಗ್ತದಂತ ಪೂಜಾನೂ ಬಿಡ್ಲೇನು?"

ಪಂಪು ನಿಂತಿತು. ನೀರು ಇಳಿದು ಸಂಪಿನಲ್ಲಿ ಏರಿ, ಗುಳ್ಳೆಗಳನ್ನು ದಾಟಿ ನಿಂತಿತು. ಕಪಾಟಿನ ಬಾಗಿಲು ತೆರೆದಿಟ್ಟುಕೊಂಡು ಇವರು ಅದರೆದುರು ಕುರ್ಚಿ ಹಾಕಿ ಕೂತರು. ಊಟಕ್ಕೂ ಏಳಲಿಲ್ಲ, ತಟ್ಟೆ ಅಲ್ಲಿಗೇ ಒಯ್ದು ಕೊಟ್ಟೆ. ಮಧ್ಯಾಹ್ನ ಅಡುಗೆಮನೆಯಲ್ಲಿದ್ದಾಗ ಚಿಟ್ ಅಂತ ಸದ್ದಾಯಿತು, ಹಿಂದೆಯೇ ನೀರು ಸುರಿದ ಸದ್ದು. ಓಡಿ ಬಂದೆ. ಬೆಸುಗೆ ಮೇಲಿನಿಂದ ಕೆಳಗಿನವರೆಗೆ ಬಿಟ್ಟುಕೊಂಡಿತ್ತು. ಉಪ್ಪುನೀರು ಸೋಫಾದ ಕೆಳಗೆ ಹರಿಯುತ್ತಿತ್ತು, ಚೆಂಡುಹೂಗಳು ಅದರಲ್ಲಿ ತೇಲುತ್ತಿದ್ದವು. ಇವರ ಕಾಲು ಅದರಲ್ಲೇ ಇತ್ತು. ಕಾಲನ್ನು ಎತ್ತಿಕೊಳ್ಳಲೂ ಇಲ್ಲ.

ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. ಹಳೆಯ ಸೀರೆ ಹಾಕಿ ನೀರು ಹಿಂಡಿದೆ. ಅವರು ಒಂದು ಬೈಗುಳವಾದರೂ ಬೈಯಲಿ ಅಂತ ಕಾದೆ.

ಸಂಜೆ ಮಗಳು ಫೋನ್ ಮಾಡಿದಳು. ವಿಷಯ ಹೇಳಿದೆ. ಗ್ಲಾಸ್‌ದು ತರಿಸಲಾ ಅಂತ ಅವಳು ಕೇಳಿದ್ದು ಸ್ಪೀಕರಿನಲ್ಲಿ ಇವರಿಗೂ ಕೇಳಿಸಿತು.

"ತರಸು," ಅಂದರು. ಜಗಳವಿಲ್ಲ, ತಕರಾರಿಲ್ಲ. ನನಗೆ ಹೆದರಿಕೆಯಾದದ್ದು ನೀರು ಹರಿದಾಗಲ್ಲ, ಆಗ.

ಗಾಜಿನ ಸಂಪು ಬಂತು. ಮಗಳೇ ಬಂದು ಕೂಡಿಸಿದಳು. ಒಂದು ಹವಳವೂ ಸಾಯಲಿಲ್ಲ, ಮೊದಲಿಗಿಂತ ಚೆನ್ನಾಗಿಯೇ ಅರಳಿವೆ. ಈಗ ಅವಕ್ಕೆ ಉಪ್ಪುನೀರು ಕಲಸುವವಳು ನಾನು.

ಮಗಳು ಹೊರಟ ಮರುದಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಅಷ್ಟು ದಿನ ಇವರು ಬಾಗಿಲು ಹಾಕಿಕೊಂಡು, ಎಷ್ಟು ಹೊತ್ತಾದರೂ ಸರಿ, ತಾವೇ ತಯಾರಾಗಿ ಹೊರಗೆ ಬರುತ್ತಿದ್ದರು. ಕೂಗಿದರೆ ರೇಗುತ್ತಿದ್ದರು. ಆವತ್ತು ಬೇಗ ಬಂದರು. ಅಂಗಿಯ ಗುಂಡಿ ಹಾಕಿರಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟುಕೊಂಡು ನನ್ನೆದುರು ನಿಂತು, "ನೀನೇ ಹಾಕು," ಅಂದರು.