ಸೆನ್ನೈಟ್ ಪದಕ್ಕೊಬ್ಬ ಕಾವಲುಗಾರ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವರನ್ನು ಎಲ್ಲರೂ ನಿಘಂಟು ಎಂದೇ ಕರೆಯುತ್ತಿದ್ದರು. ಯಾವ ಪದ ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, ಅರ್ಥದ ಜೊತೆಗೆ ಅದು ಹುಟ್ಟಿದ ಕತೆಯನ್ನೂ ಹೇಳುವುದು ಅವರ ರೂಢಿ. ಗೊತ್ತಿಲ್ಲದ ಪದವಾದರೆ ಕತೆ ಇನ್ನಷ್ಟು ರಂಗೇರುತ್ತಿತ್ತು. ಶಾಯಿ ವಾಸನೆಯ ಆ ಕೋಣೆಯಲ್ಲಿ ಅದನ್ನು ಒರೆಗೆ ಹಚ್ಚುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಕಾಲೇಜಿನ ಅಧ್ಯಾಪಕಿ ಹುದ್ದೆಯ ಸಂದರ್ಶನಕ್ಕೆ ತಯಾರಾಗುತ್ತಿದ್ದ ಅವರ ಮಗಳು ಒಂದು ಸಂಜೆ, ಪಠ್ಯದ ಹಳೆಯ ಇಂಗ್ಲಿಷ್ ಪದ್ಯದಲ್ಲಿ ಸಿಕ್ಕ ‘ಸೆನ್ನೈಟ್’ ಎಂಬ ಪದದ ಅರ್ಥ ಕೇಳಿದಳು. ಅವರು ಅದನ್ನು ಕಂಡೇ ಇರಲಿಲ್ಲ.

“ಸೆನ್ ಅಂದ್ರೆ ಸೆಂಟ್ರಿ, ಕಾವಲುಗಾರ. ಕೋಟೆ ಬಾಗಿಲಲ್ಲಿ ದೀಪ ಹಿಡ್ಕೊಂಡು ಅವನು ನಿದ್ದೆಗೆಟ್ಟ ರಾತ್ರಿ ಅದು, ಕಣಮ್ಮ.”

“ದೀಪಾನೂ ಕೊಟ್ಬಿಟ್ರಾ ಅವನಿಗೆ?” ಎಂದು ಹೆಂಡತಿ ಕಿಚಾಯಿಸಿದರು. ಮಗಳು ಮಾತ್ರ ನಂಬಿದಳು.

ಸಂದರ್ಶನದ ಮರುದಿನ, ಸಂದರ್ಶಕರಲ್ಲೊಬ್ಬರಾದ ಪ್ರಾಧ್ಯಾಪಕರು ತಮ್ಮ ಪುಸ್ತಕದ ಕರಡು ನೋಡಲು ಮುದ್ರಣಾಲಯಕ್ಕೆ ಬಂದರು. ಆ ಅಭ್ಯರ್ಥಿ ಯಾರ ಮಗಳೆಂದು ಅವರಿಗೆ ತಿಳಿದಿರಲಿಲ್ಲ.

“ನಿನ್ನೆ ಒಂದು ಹುಡುಗಿ ಬಂದಿದ್ಲು ರೀ. ಸೆನ್ನೈಟ್ ಅಂದ್ರೇನಮ್ಮ ಅಂತ ಕೇಳಿದ್ರೆ ಕೋಟೆ, ಕಾವಲುಗಾರ, ದೀಪ! ಏಳು ರಾತ್ರಿ, ಅಂದ್ರೆ ಒಂದು ವಾರ, ಅಷ್ಟೇ. ಹಿಂದಿನವರು ರಾತ್ರಿ ಲೆಕ್ಕದಲ್ಲಿ ದಿನ ಎಣಿಸ್ತಿದ್ರು. ಸೆವೆನ್ ನೈಟ್ ಬಾಯಲ್ಲಿ ಸವೆದು ಸೆನ್ನೈಟ್ ಆಯ್ತು. ಆ ಪ್ರಶ್ನೆವರೆಗೂ ಚೆನ್ನಾಗೇ ಹೇಳಿದ್ಲು, ಪಾಪ. ಕೆಲಸ ಕೈತಪ್ಪಿತು.”

“ದೀಪಕ್ಕೆ ಎಣ್ಣೆ ಹಾಕಿದ್ಯಾರಂತೆ ಸಾರ್?” ಎಂದ ಯಂತ್ರದವನು. ಕೋಣೆ ಗೊಳ್ಳೆಂದಿತು.

“ಏನ್ರೀ ನಿಘಂಟು, ನೀವೇನಂತೀರಿ?”

“ಈಗಿನ ಮಕ್ಕಳು ಹಾಗೇ ಸಾರ್, ಬಾಯಿಗೆ ಬಂದದ್ದು ಹೇಳ್ತವೆ,” ಎಂದು ಅವರೂ ನಕ್ಕರು. ಆಮೇಲೆ ತಲೆಯೆತ್ತಲಾಗಲಿಲ್ಲ. ಮುಂದಿದ್ದ ಹಾಳೆಯ ಸಾಲುಗಳು ಒಂದರೊಳಗೊಂದು ಕಲಸಿಹೋದವು.

ಮನೆಯಲ್ಲಿ ಮಗಳು ಒಗೆದ ಬಟ್ಟೆ ಮಡಚುತ್ತಿದ್ದಳು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು.

“ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲಮ್ಮ. ಕಟ್ಟಿ ಹೇಳಿದೆ.”

“ಅಲ್ಲೇ ಗೊತ್ತಾಯ್ತಪ್ಪ.”

“ಅಪ್ಪ ಹೇಳಿದ್ದು ಅನ್ನಬಾರದಿತ್ತಾ?”

“ಯಾರು ಹೇಳಿಕೊಟ್ರು ಅಂತ ಆ ಪ್ರೊಫೆಸರು ಕೇಳಿದ್ರು. ನಂದೇ ಊಹೆ ಅಂದೆ. ಅವರು ನಿನ್ನ ಪ್ರೆಸ್ಸಿಗೆ ಬರೋರಲ್ವಾ? ಅಲ್ಲಿ ನಿನ್ನನ್ನ ನೋಡಿ ನಗೋದು ಬೇಡ ಅನ್ನಿಸ್ತು.”

ಅವರು ಚಪ್ಪಲಿ ಕಳಚಿ ಬಾಗಿಲ ಪಕ್ಕ ಇಟ್ಟರು.

“ಇವತ್ತು ಬಂದಿದ್ರು. ಎಲ್ಲ ನಕ್ಕರು,” ಎಂದರು. “ನಾನೂ ನಕ್ಕೆ.”

ಮಗಳ ಕೈ ನಿಂತಿತು. ಅರ್ಧ ಮಡಚಿದ ಅವರ ಅಂಗಿಯನ್ನು ಮಂಚದ ಮೇಲೆ ಹಾಗೆಯೇ ಬಿಟ್ಟು ಒಳಗೆ ಹೋದಳು.