ಏಕಾದಶಿಯ ದಿನ ಅತ್ತೆಯ ಹಲ್ಲು ಕೀಳಿಸಲು ಹೋದದ್ದು

ನಮ್ಮತ್ತೆಗೆ ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಹೃದಯದ ಕವಾಟವೊಂದನ್ನು ಕೆಡಿಸಿ ಹೋಗಿತ್ತು. ಅಂಥವರು ಹಲ್ಲು ಕೀಳಿಸುವ ಒಂದು ಗಂಟೆ ಮೊದಲು ಆಂಟಿಬಯೋಟಿಕ್ ನುಂಗಲೇಬೇಕು, ಇಲ್ಲದಿದ್ದರೆ ಬಾಯಿಯ ಸೋಂಕು ರಕ್ತಕ್ಕೆ ಸೇರಿ ಆ ಕವಾಟಕ್ಕೇ ಅಂಟಿಕೊಂಡು ಜೀವಕ್ಕೆ ಕುತ್ತು ತರಬಹುದು ಎಂದು ಹೃದಯದ ಡಾಕ್ಟರು ಹೇಳಿದ್ದರು. ಅದನ್ನು ಕೇಳಿದಾಗಿನಿಂದ ನನಗೆ ಅದೇ ಚಿಂತೆ. ಅತ್ತೆ ಮಾತ್ರ, "ಒಂದು ಹುಳುಕು ಹಲ್ಲಿಗೆ ಇಷ್ಟು ದೊಡ್ಡ ರಾಮಾಯಣವೇ?" ಎಂದು ನಕ್ಕುಬಿಟ್ಟಿದ್ದರು.

ಹಲ್ಲಿನ ಡಾಕ್ಟರು ಕೊಟ್ಟ ದಿನ ಏಕಾದಶಿಯಾಗಿಬಿಟ್ಟಿತು. ಅಂದು ಅತ್ತೆ ತೊಟ್ಟು ನೀರೂ ಮುಟ್ಟುವವರಲ್ಲ. ಕೆನ್ನೆ ಊದಿಕೊಂಡಿತ್ತು, ಮುಂದೂಡುವಂತಿರಲಿಲ್ಲ. ಔಷಧಿಗೆ ದೋಷವಿಲ್ಲ ಎಂದು ಹಿಂದಿನ ದಿನವೇ ಕಾಡಿ ಬೇಡಿ ಒಪ್ಪಿಸಿದ್ದೆ. ಹೊರಡುವ ಮುಂಚೆ ಕ್ಯಾಪ್ಸೂಲುಗಳನ್ನೂ ನೀರಿನ ಲೋಟವನ್ನೂ ಕೈಗಿತ್ತರೆ, "ದೇವರ ಮುಂದೆ ತಗೋತೀನಿ" ಎಂದು ಒಳಗೆ ಹೋದರು. ಖಾಲಿ ಲೋಟ ಹಿಡಿದು ಬಂದರು. ಸದ್ಯ, ಗೆದ್ದೆ ಎಂದುಕೊಂಡು ಆಟೋ ಕರೆದೆ.

ಆರ್.ಕೆ.ಪುರಂನ ನಮ್ಮ ಮಾರ್ಕೆಟ್ಟಿನ ಮಹಡಿಯ ಮೇಲೆ ಆ ಕ್ಲಿನಿಕ್ಕು. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ, "ಮಾತಾಜಿ, ದವಾಯಿ ಲೇ ಲೀ ನಾ?" ಎಂದರು. ಹಿಂದಿ ಬಾರದ ಅತ್ತೆ ನನ್ನ ಮುಖ ನೋಡಿದರು.

"ಮಾತ್ರೆ ತಗೊಂಡ್ರಾ ಅಂತ ಕೇಳ್ತಿದ್ದಾರೆ, ಅತ್ತೆ."

"ಹೂಂ ಅಂತ ನೀನೇ ಹೇಳು."

"ನೀವೇ ಹೇಳಿ."

"ಏಕಾದಶಿ ದಿನ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ ಕಣೇ."

ಕೆದಕಿ ಕೇಳಿದೆ. ಲೋಟದ ನೀರು ಬಾಲ್ಕನಿಯ ತುಳಸಿಗೆ ಹೋಗಿತ್ತಂತೆ. ಕ್ಯಾಪ್ಸೂಲುಗಳು ಸೆರಗಿನ ಗಂಟಿನಲ್ಲಿದ್ದವು. ಪಿತ್ತ ನೆತ್ತಿಗೇರಿತು. ಮಾತ್ರೆ ನುಂಗಿಲ್ಲ, ಮುಟ್ಟಬೇಡಿ ಎಂದು ಡಾಕ್ಟರಮ್ಮನಿಗೆ ಹೇಳಿ, ಅತ್ತೆಯನ್ನು ಹೊರಗಿನ ಬೆಂಚಿಗೆ ಕರೆತಂದೆ.

"ಅಯ್ಯೋ, ನಿಮಗೆ ಜೀವ ಬೇಡವಾ? ಉಪವಾಸ ದೊಡ್ಡದೋ, ನೀವು ದೊಡ್ಡೋರೋ?"

"ನನಗೋಸ್ಕರ ಉಪವಾಸ ಮಾಡ್ತೀನಿ ಅಂದ್ಕೊಂಡೆಯಾ?" ಎಂದರು ಅತ್ತೆ. "ನನಗೂ ಮೊದಲು ಬಂದದ್ದು ಬರೀ ಗಂಟಲುನೋವು, ಆಮೇಲೇ ಆ ಜ್ವರ. ನಿನ್ನ ಮಗಳಿಗೆ ಚಳಿಗಾಲ ಬಂತೂಂದ್ರೆ ಗಂಟಲು ಕಟ್ಟುತ್ತೆ. ಆ ಕೂಸಿಗೆ ನನ್ನ ಹೃದಯ ಬಾರದಿರಲಿ ಅಂತ ಈ ಉಪವಾಸದ ಹರಕೆ ಹೊತ್ತಿದ್ದೀನಿ."

ನನ್ನ ಸಿಟ್ಟು ಜರ್ರನೆ ಇಳಿಯಿತು, ಭಯ ಇಳಿಯಲಿಲ್ಲ. "ಅವಳ ಗಂಟಲು ನೋಡ್ಕೊಳ್ಳೋಕೆ ನಾನಿದ್ದೀನಿ, ಡಾಕ್ಟರಿದ್ದಾರೆ. ನೀವೇ ಇಲ್ಲದೆ ಹೋದ್ರೆ ಅವಳಿಗೆ ಅಜ್ಜೀನ ನಾನೆಲ್ಲಿಂದ ತರಲಿ?" ಎನ್ನುವಷ್ಟರಲ್ಲಿ ಅಳು ನುಗ್ಗಿ ಬಂತು. ಎದುರಿಗೆ ಕೂತವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತುಬಿಟ್ಟೆ.

ಅತ್ತೆ ಸೆರಗಿನ ಗಂಟು ಬಿಚ್ಚಿದರು. "ಅಳಬೇಡ. ನೀರು ತಾ." ಕ್ಯಾಪ್ಸೂಲುಗಳನ್ನು ಒಂದೊಂದಾಗಿ, ಕಣ್ಣು ಮುಚ್ಚಿಕೊಂಡು ನುಂಗಿದರು. ಇನ್ನು ಒಂದು ಗಂಟೆ ಕಾಯಬೇಕಿತ್ತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ.

"ನಾಳೆ ಮಗೂಗೆ ಏನಾದ್ರೂ ಆದ್ರೆ," ಎಂದರು, "ನನ್ನನ್ನ ಬೈಬೇಡ ಕಣೇ."