ಮಾರ್ಟಿನಜ್ಜನ ಹನ್ನೊಂದು ಹೊಲ

ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯವನು ಮಾರ್ಟಿನ್ ಕಿಲ್‌ಗ್ಯಾಲನ್. ವಯಸ್ಸು ಎಂಬತ್ಮೂರು, ನಮಗೆ ಮಾರ್ಟಿನಜ್ಜ. ಐರ್ಲೆಂಡಿನ ಮೇಯೋ ಕೌಂಟಿಯಿಂದ ಹದಿನೆಂಟರ ಹರೆಯದಲ್ಲಿ ಬಂದು, ಈ ಕಡೆಯ ದೊಡ್ಡ ರಸ್ತೆಗಳಿಗೆಲ್ಲ ಮಣ್ಣು ಅಗೆದವನು. ನಾನು ದಿನಾ ಟ್ರಾಫಿಕ್ಕಿಗೆ ಬೈಯುತ್ತ ಹೋಗುವ ಎಂ ಸಿಕ್ಸ್ ರಸ್ತೆಯಲ್ಲಿ ಅವನ ಬೆವರೂ ಇದೆ. ಆದರೆ ರಸ್ತೆಯ ಮಾತು ಅವನ ಬಾಯಲ್ಲಿ ಬಂದದ್ದೇ ಕಡಿಮೆ. ಬೇಲಿಯಾಚೆ ನಿಂತು ಹೇಳುತ್ತಿದ್ದದ್ದೆಲ್ಲ ಊರಿನದೇ. ಸ್ವಿನ್‌ಫರ್ಡ್ ಪೇಟೆಯ ದನದ ಸಂತೆ, ಜೌಗುನೆಲದಿಂದ ಕಡಿದು ಒಣಗಿಸಿ ಒಲೆಗೆ ಹಾಕುತ್ತಿದ್ದ ಮಣ್ಣಿನ ಹೆಂಟೆ, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ. ಆ ಹೊಗೆಯ ವಾಸನೆಗಾಗಿ ಈಗಲೂ ಜೀವ ಹಂಬಲಿಸುತ್ತದೆ ಎನ್ನುತ್ತಿದ್ದ.

ಹೋದ ಮಾರ್ಚಿನಲ್ಲಿ ಅವನ ಊರಿನ ಚರಿತ್ರೆ ಸಂಘದವರು ಒಂದು ನಕ್ಷೆ ಕಳಿಸಿ, ಹೊಲಗಳ ಹೆಸರು ತುಂಬಿಕೊಡಲು ಕೇಳಿದರು. ಆ ಊರಿನಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಹೆಸರು. ಅದು ಕಾಗದದ ಮೇಲಿಲ್ಲ, ಜನರ ಬಾಯಲ್ಲಿ ಮಾತ್ರ. ಅಜ್ಜನ ಮನೆತನದ ಹನ್ನೊಂದು ಹೊಲಗಳ ಹೆಸರು ಬಲ್ಲವರಲ್ಲಿ ಬದುಕಿರುವವನು ಅವನೊಬ್ಬನೇ. ಮರೆವು ಶುರುವಾಗಿದೆ ಎಂದು ಅವನ ಡಾಕ್ಟರು ಆಗಲೇ ಹೇಳಿಯಾಗಿತ್ತು. ತಡಮಾಡಿದರೆ ಹೆಸರುಗಳೂ ಅವನ ಜೊತೆಗೇ ಹೋಗುತ್ತಿದ್ದವು.

ನಾನು ಸಾಫ್ಟ್‌ವೇರಿನವನು, ಸುಮ್ಮನಿರುತ್ತೇನೆಯೇ? ನಕ್ಷೆಯನ್ನು ದೊಡ್ಡದು ಮಾಡಿ, ಬಣ್ಣ ತುಂಬಿ, ಹೊಲಗಳಿಗೆ ನಂಬರು ಕೊಟ್ಟು ಅವನ ಮೇಜಿನ ಮೇಲೆ ಹರಡಿದೆ.

"ನಾಲ್ಕನೆಯದು ಯಾವುದು?" ಎಂದೆ.

ಅಜ್ಜ ಕನ್ನಡಕ ಒರೆಸಿಕೊಂಡು ನೋಡಿದ. ಒಂದು ಹೆಸರೂ ಹೊಳೆಯಲಿಲ್ಲ. "ಎಲ್ಲ ಹೋಯಿತು, ಅಶೋಕ್" ಎಂದು ಹಾಳೆಯನ್ನು ಆಚೆ ತಳ್ಳಿದ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದು ಹೇಳಿದರೆ ಹೇಮಲತಾ ನಕ್ಕಳು. ನನ್ನ ಹೆಂಡತಿ ಗದಗಿನ ಕಡೆಯವಳು.

"ನಮ್ಮಜ್ಜಗ ನಕಾಶಿ ತೋರ್ಸಿ ಹೊಲದ ಹೆಸರು ಕೇಳಿದ್ರ ಹೇಳ್ತಿದ್ನೇನ್ರೀ? ದನಾ ಹೊಡಕೊಂಡು ಹೋಗೂ ದಾರಿ ಕೇಳ್ರಿ."

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು. ಆ ಭಾನುವಾರ ಟಿವಿಡೇಲ್ ಊರಿನ ಗುಡಿಗೆ ಹೋಗುವುದನ್ನು ಬಿಟ್ಟು ಇಬ್ಬರೂ ಅಜ್ಜನ ಹಿತ್ತಲಿಗೆ ಹೋದೆವು.

"ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಿರಿ. ದನ ಎತ್ತ ತಿರುಗುತ್ತವೆ?" ಎಂದೆ.

ಅಜ್ಜ ಎದ್ದು ಕೋಲು ಹಿಡಿದ. "ಎಡಕ್ಕೆ" ಎಂದು ಹುಲ್ಲಿನ ಮೇಲೆ ನಡೆಯತೊಡಗಿದ. ನಡೆದಂತೆಲ್ಲ ಹೆಸರುಗಳು ಬಂದವು. ಬಾವಿಯ ಹೊಲ, ಕುರುಡು ಕುದುರೆಯ ಹೊಲ, ಬ್ರಿಜಿ ಮುದುಕಿಯ ತುಂಡು. ಹೆಸರು ಐರಿಷ್ ಭಾಷೆಯದು, ಅರ್ಥವನ್ನು ಅವನೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ನಾನು ಬರೆದುಕೊಂಡೆ. ಊರಿನಲ್ಲಿ ನನ್ನ ಅಪ್ಪ ಮಾರಿದ ನಮ್ಮ ಹೊಲಗಳಿಗೂ ಹೆಸರುಗಳಿದ್ದವು. ನನಗೆ ಒಂದೂ ಗೊತ್ತಿಲ್ಲ, ಅದಕ್ಕೆ ನಾಚಿಕೆಯಾಯಿತು.

ಹತ್ತು ಹೆಸರು ಹೇಳಿ ಅಜ್ಜ ನಿಂತುಬಿಟ್ಟ.

"ಹನ್ನೊಂದನೆಯದು ಮರೆತುಹೋಯಿತೇ?"

"ಮರೆತಿಲ್ಲ. ಅಲ್ಲಿಗೆ ದನ ಬಿಡುತ್ತಿರಲಿಲ್ಲ."

ಹೆಸರಿಡುವ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಹೋದ ಕೂಸುಗಳಿಗೆ ಆ ಕಾಲದಲ್ಲಿ ಚರ್ಚಿನ ಮಣ್ಣಿನಲ್ಲಿ ಜಾಗವಿರಲಿಲ್ಲವಂತೆ. ತಂದೆಯೇ ಒಯ್ದು ಇಂಥ ಹೊಲದ ಮೂಲೆಯಲ್ಲಿ ಹೂಳಿ ಬರಬೇಕು. ಅಜ್ಜನಿಗೆ ಆರು ವರ್ಷವಿದ್ದಾಗ ಅವನ ತಮ್ಮನನ್ನು ಹಾಗೆ ಒಯ್ದರು. ಊರಿಗೆಲ್ಲ ಅದು ಬರೀ ಆಚೆಯ ಹೊಲ. ಅವನ ತಾಯಿ ಮಾತ್ರ, ಅವನೊಬ್ಬನೇ ಜೊತೆಗಿದ್ದಾಗ, ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು.

ಹೇಮಲತಾ ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. "ನಮ್ಮ ಕಡೆಯೂ ಎಳೆಗೂಸುಗಳನ್ನು ಹೊಲದಲ್ಲಿ ಹೂಳುತ್ತಾರೆ. ನಿಮ್ಮ ತಾಯಿ ಕರೆದ ಹೆಸರನ್ನೇ ಬರೆಸಿ" ಎಂದಳು.

ಅಜ್ಜ ಕೋಲನ್ನು ಬೆಂಚಿಗೆ ಒರಗಿಸಿದ. ಆಮೇಲೆ, "ಜಾನ್‌ನ ಹೊಲ" ಎಂದ.

ಬರೆದೆ. ಅವನು ಹಾಳೆ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ.

"ನನ್ನ ತಮ್ಮನ ಹೆಸರನ್ನು ಇವತ್ತಿನವರೆಗೆ ಯಾರೂ, ಎಲ್ಲೂ ಬರೆದಿರಲಿಲ್ಲ" ಎಂದ.